ಅಚ್ಚಬಿಳಿ ಮರಿ

ನನ್ನ ತಮ್ಮನ ಬಾಯಿಗೆ ಬೀಗವಿಲ್ಲ. ನಾಯಿಮರಿ ಮಾರಲು ಕೂತನೆಂದರೆ ತಳಿ, ವಂಶ, ರಕ್ತ ಎಂದು ಕೊರೆದು ಕೊರೆದು ಎದುರಿನವರ ತಲೆ ತಿರುಗಿಸುತ್ತಾನೆ. ಬೀದಿಯಲ್ಲಿ ಅವನಿಗೆ ಪ್ರೊಫೆಸರ್ ಎಂದೇ ಹೆಸರು. ಆ ಹೆಸರು ಕೇಳಿದರೆ ನನಗೆ ಮೈಯುರಿಯುತ್ತದೆ.

ತಾಯಿನಾಯಿ ನನ್ನದು, ಗಂಡು ಅವನದು. ಎರಡರದೂ ಬೂದು ಮೈ, ಕಪ್ಪು ಚುಕ್ಕೆ. ಮೊದಲ ಸೂಲಿನ ಮರಿಗಳೆಲ್ಲ ಮಾರಿಹೋದ ಮೇಲೆ ನಾಯಿ ಡಾಕ್ಟರಿಗೆ ವಿಷಯ ಗೊತ್ತಾಗಿ ಉಗಿದಿದ್ದರು. ಎರಡೂ ಚುಕ್ಕೆಯವನ್ನು ಕೂಡಿಸಿದರೆ ಕೆಲವು ಮರಿ ಅಚ್ಚಬಿಳಿ ಹುಟ್ಟುತ್ತವೆ, ಅಂಥವು ಎಷ್ಟೋ ಸಲ ಕಿವುಡಾಗಿರುತ್ತವೆ ಎಂದರು. ತಮ್ಮ ಹೂಂಗುಟ್ಟಿ ಬಂದ. ನಾನು ಊರಲ್ಲಿಲ್ಲದಾಗ ಮತ್ತೆ ಕೂಡಿಸಿದ. ಬಿಳಿಗೇ ಗಿರಾಕಿ ಜಾಸ್ತಿಯಂತೆ!

ಇವತ್ತು ಬೆಳಿಗ್ಗೆ ನೆಲ ಒರೆಸುವಾಗ ಬಕೆಟ್ ಉರುಳಿತು. ಈ ಎರಡನೇ ಸೂಲಿನ ಮರಿಗಳೆಲ್ಲ ಬೆಚ್ಚಿ ಮೂಲೆ ಸೇರಿದವು. ಹಾಸಿಗೆಯ ಮೇಲಿದ್ದ ಬಿಳಿ ಮರಿ ಮಾತ್ರ ನಿದ್ದೆಯಲ್ಲೇ ಇತ್ತು. ಹೇಳಿದರೆ ತಮ್ಮ, “ಕೂಸು ಕಣೇ, ಗಾಢ ನಿದ್ದೆ” ಎಂದ.

ಸ್ವಲ್ಪ ಹೊತ್ತಿಗೆ ದೊಡ್ಡರಸ್ತೆಯ ಟೈಲರಮ್ಮ ಬಂದಳು. ಮೊದಲ ಸೂಲಿನ ಬಿಳಿ ಮರಿ ಕೊಂಡವಳು ಅವಳೇ. ಅದು ಲಾರಿಯಡಿ ಸಿಕ್ಕಿ ಸತ್ತಿತ್ತು. ಅಂಥದ್ದೇ ಇನ್ನೊಂದು ಬೇಕಿತ್ತು ಅವಳಿಗೆ.

ತಮ್ಮ ಎಂದಿನ ಆಟ ಶುರುಮಾಡಿದ. ತಟ್ಟೆಗೆ ಸೌಟಿನಿಂದ ಟಣಟಣ ಬಡಿದ. ಮರಿಗಳೆಲ್ಲ ಓಡಿಬಂದವು, ಅವುಗಳ ಬಾಲ ಹಿಡಿದು ಬಿಳಿಯದೂ ಬಂತು.

“ನೋಡಿ, ಎಷ್ಟು ಚುರುಕು! ಕರೆದ ತಕ್ಷಣ ಹಾಜರ್!”

ನನ್ನ ಪಿತ್ತ ನೆತ್ತಿಗೇರಿತು. ಬಿಳಿ ಮರಿಯನ್ನು ಎತ್ತಿ ಪಕ್ಕದ ಕೋಣೆಯಲ್ಲಿ, ದಪ್ಪ ಕಂಬಳಿಯ ಮೇಲೆ, ಗೋಡೆಯತ್ತ ಮುಖಮಾಡಿ ಕೂರಿಸಿದೆ. ಹಿಂದೆಯೇ ಬಂದ ಇಬ್ಬರನ್ನೂ ಒಳಗೆ ಬಿಟ್ಟು ಬಾಗಿಲು ಮುಚ್ಚಿದೆ. ತಮ್ಮನ ಕೈಯಿಂದ ತಟ್ಟೆ, ಸೌಟು ಕಿತ್ತುಕೊಂಡು ಮರಿಯ ಬೆನ್ನ ಹಿಂದೆ ನಿಂತು ಬಾರಿಸಿದೆ. ಆಚೆ ಕೋಣೆಯ ಮರಿಗಳು ಬಾಗಿಲು ಕೆರೆದು ರಂಪ ಮಾಡಿದವು. ಇದು ಕಾಲು ನೆಕ್ಕುತ್ತಾ ಕೂತೇ ಇತ್ತು.

“ಅಕ್ಕಾ, ನಿನಗ್ಯಾಕೆ ಅಧಿಕಪ್ರಸಂಗ? ನಿನ್ನ ಕೆಲಸ ನೋಡ್ಕೋ!”

“ಕಿವುಡು ಮರೀನ ದೊಡ್ಡರಸ್ತೆ ಮನೆಗೆ ಮಾರ್ತೀಯಲ್ಲ, ನಾಚಿಕೆ ಆಗಲ್ವಾ?”

ಟೈಲರಮ್ಮ ಮರಿಯನ್ನೇ ನೋಡುತ್ತಿದ್ದಳು. “ಹಾಗಾದ್ರೆ ನಮ್ಮದಕ್ಕೂ ಕೇಳ್ತಿರ್ಲಿಲ್ವಾ?”

“ನೀವು ಗೇಟ್ ತೆಗೆದಿಟ್ರಿ, ಅದಕ್ಕೆ ಹೋಯ್ತು. ನನ್ನ ಮೇಲೆ ಹಾಕ್ಬೇಡಿ” ಎಂದ ತಮ್ಮ.

ಅವಳಿಗೆ ಅವನ ಮಾತಿನ ಕಡೆ ಗಮನವೇ ಇರಲಿಲ್ಲ. “ಎಷ್ಟು ಕರೆದ್ರೂ ತಿರುಗಿ ನೋಡ್ತಿರ್ಲಿಲ್ಲ. ಸೊಕ್ಕು ಅಂದ್ಕೊಂಡೆ. ಬಟ್ಟೆ ಅಳೆಯೋ ಕೋಲಲ್ಲೇ ಹೊಡೀತಿದ್ದೆ. ಸಾಯೋ ದಿನಾನೂ ಹೊಡೆದೆ.”

ಅವಳು ಮರಿಯ ಪಕ್ಕ ನೆಲದ ಮೇಲೆ ಕೂತಳು. ತಮ್ಮ ಗಂಟಲು ಸರಿಮಾಡಿಕೊಂಡು, “ಬಿಳಿ ಬೇಡಾಂದ್ರೆ ಚುಕ್ಕೆಯದು ತಗೊಳ್ಳಿ, ಒಳ್ಳೇ ರಕ್ತ” ಎಂದ.

ಅವನ ಮುಖಕ್ಕೆ ತಟ್ಟೆ ಎಸೆಯಬೇಕೆನಿಸಿತು. ಎಸೆಯಲಿಲ್ಲ. ಮರಿಗಳು ಹೇಗೂ ಹಾಲು ಬಿಟ್ಟಿದ್ದವು. ತಾಯಿನಾಯಿಯ ಕತ್ತಿಗೆ ಪಟ್ಟಿ ಬಿಗಿದೆ, ಬಿಳಿ ಮರಿಯನ್ನು ಕಂಕುಳಲ್ಲಿ ಇರುಕಿಕೊಂಡೆ.

“ಎಲ್ಲಿಗೆ ಹೊರಟೆ?”

“ಡಾಕ್ಟರ ಹತ್ರ. ಆಪರೇಷನ್ ಮಾಡಿಸ್ತೀನಿ. ಇನ್ಮೇಲೆ ಇವಳು ಹೆರಲ್ಲ. ಮರಿ ನನ್ನ ಹತ್ರಾನೇ ಇರುತ್ತೆ.”

ಅವನ ಕಿರುಚಾಟ ಬೀದಿಯ ತಿರುವಿನವರೆಗೂ ಬಂತು. ತಾಯಿನಾಯಿ ಹೆದರಿ ಹಿಂತಿರುಗಿ ನೋಡಿತು. ಕಂಕುಳಲ್ಲಿದ್ದ ಮರಿ ಹಾಯಾಗಿ ಆಕಳಿಸಿತು.