ಮಂಗಳವಾರ ಬೆಳಗ್ಗೆ ಹತ್ತು ಗಂಟೆ

ಊರಾಡಳಿತದಲ್ಲಿ ಯುವಜನರ ಪಾಲ್ಗೊಳ್ಳುವಿಕೆಯನ್ನು ಉತ್ತೇಜಿಸಬೇಕು ಎಂಬ ಸುತ್ತೋಲೆ ಮೇಲಿನ ಕಚೇರಿಯಿಂದ ಹೊರಟು, ಗುಡ್ಡ ಹತ್ತಿ ಇಳಿದು, ಆ ಊರಿನ ಸಮಿತಿಯ ಮೇಜಿಗೆ ಬರುವಷ್ಟರಲ್ಲಿ ಆರು ವಾರ ಕಳೆದಿತ್ತು. ಪ್ರತಿ ಊರಿನ ಸಮಿತಿಯೂ ಒಬ್ಬ ಯುವ ಪ್ರತಿನಿಧಿಯನ್ನು ಸೇರಿಸಿಕೊಳ್ಳಬೇಕು. ಆ ಪ್ರತಿನಿಧಿ ಮಾತಾಡಬಹುದು, ವಿಷಯ ಮಂಡಿಸಬಹುದು, ಮತ ಹಾಕುವಂತಿಲ್ಲ. ಗುಮಾಸ್ತರು ಕೊನೆಯ ಸಾಲನ್ನು ಓದಿದಾಗ ಅಧ್ಯಕ್ಷರಿಗೆ ಯುವಜನರ ಮೇಲೆ ನಿಜವಾಗಿಯೂ ಅಕ್ಕರೆ ಹುಟ್ಟಿತು. ಅಂದೇ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ತರಿಸಿ, ಬೆನ್ನಿಗೆ 'ಯುವ ಪ್ರತಿನಿಧಿ' ಎಂದು ಚೀಟಿ ಅಂಟಿಸಿದರು.

ಕುರ್ಚಿಯ ಮೇಲೆ ಎರಡು ತಿಂಗಳು ಯಾರೂ ಕೂರಲಿಲ್ಲ. ಊರಿನ ಹುಡುಗ ಹುಡುಗಿಯರೆಲ್ಲ ಗುಡ್ಡದಾಚೆಯ ಕಲ್ಲು ಕ್ವಾರಿಯಲ್ಲಿ ಕೆಲಸಕ್ಕಿದ್ದರು. ಅವರ ವ್ಯಾನು ಬೆಳಗ್ಗೆ ಏಳಕ್ಕೆ ಹೊರಟರೆ ಸಂಜೆ ಐದಕ್ಕೆ ವಾಪಸು. ಸಭೆ ನಡೆಯುವುದು ಮಂಗಳವಾರ ಬೆಳಗ್ಗೆ ಹತ್ತಕ್ಕೆ. "ಈಗಿನವರಿಗೆ ಊರಿನ ಕೆಲಸ ಅಂದ್ರೆ ಆಸಕ್ತೀನೇ ಇಲ್ಲ," ಎಂದು ಅಧ್ಯಕ್ಷರು ಮಂಗಳವಾರ ಬೆಳಗ್ಗೆ ಹತ್ತೂವರೆಗೆ ಚಹಾ ಹೀರುತ್ತ ನೊಂದುಕೊಳ್ಳುತ್ತಿದ್ದರು.

ಕಡೆಗೆ ಒಪ್ಪಿಕೊಂಡವಳು ನಿವೃತ್ತ ಪೋಸ್ಟ್‌ಮ್ಯಾನರ ಮಗಳು. ಇಪ್ಪತ್ಮೂರು ವರ್ಷ. ಕ್ವಾರಿಯಲ್ಲಿ ಲಾರಿಗಳನ್ನು ತೂಗಿ ಚೀಟಿ ಹರಿದುಕೊಡುವ ಕೆಲಸ. ಒಂದು ಮಂಗಳವಾರ ರಜೆ ಕೇಳಿದಾಗ ಮ್ಯಾನೇಜರು, "ಈ ಸಲ ಹೋಗಮ್ಮ. ಇನ್ನೊಂದ್ಸಲ ಹೋದ್ರೆ ನಿನ್ನ ಜಾಗದಲ್ಲಿ ಬೇರೆಯವರು ಕೂತಿರ್ತಾರೆ," ಎಂದಿದ್ದರು. ಹಾಗಾಗಿ ಅವಳು ಮಂಡಿಸಬೇಕೆಂದುಕೊಂಡಿದ್ದು ಒಂದೇ ವಿಷಯ: ಸಭೆಯನ್ನು ಸಂಜೆ ಆರಕ್ಕೆ ಇಡಬೇಕು. ಅದಾಗದಿದ್ದರೆ ಕುರ್ಚಿ ಬಿಡಬೇಕು, ಇಲ್ಲವೇ ಕೆಲಸ.

ಸಮಿತಿಯಲ್ಲಿ ಐದು ಜನ. ಅಧ್ಯಕ್ಷರು, ಹಿಟ್ಟಿನ ಗಿರಣಿಯವರು, ಟ್ರ್ಯಾಕ್ಟರಿನವರು, ನಿವೃತ್ತ ನರ್ಸಮ್ಮ, ಮತ್ತೆ ಅವಳ ಅಪ್ಪ. ಮೂವತ್ತು ವರ್ಷ ಮನೆಮನೆಗೆ ನಡೆದು ಕಾಗದ ಹಂಚಿದ ಅಪ್ಪನಿಗೆ ಕುರ್ಚಿ ಸಿಕ್ಕಿದ ಕೂಡಲೆ ಕಣ್ಣು ಎಳೆಯುತ್ತಿತ್ತು. ಅದರಿಂದ ಸಮಿತಿಯ ಕೆಲಸಕ್ಕೇನೂ ಅಡ್ಡಿಯಿರಲಿಲ್ಲ. ಮತದ ಹೊತ್ತಿಗೆ ಪಕ್ಕದಲ್ಲಿ ಕೂತ ಗಿರಣಿಯವರು ಮೊಣಕೈಯಿಂದ ಮೆಲ್ಲಗೆ ತಿವಿಯುತ್ತಿದ್ದರು. ಅಪ್ಪನ ಕೈ ತಾನಾಗಿ ಮೇಲೇಳುತ್ತಿತ್ತು, ತಾನಾಗಿ ಇಳಿಯುತ್ತಿತ್ತು. ಹನ್ನೊಂದು ವರ್ಷದಿಂದ ಊರಿನ ಎಲ್ಲ ನಿರ್ಣಯಗಳೂ ಹೀಗೆ ಸರ್ವಾನುಮತದಿಂದಲೇ ಆಗಿದ್ದವು.

ಆ ದಿನ ಕೆಂಪು ಕುರ್ಚಿಗೆ ಬೇರೆಲ್ಲೂ ಜಾಗವಿಲ್ಲದೆ ಅಪ್ಪನ ಇನ್ನೊಂದು ಮಗ್ಗುಲಿಗೆ ಹಾಕಿದ್ದರು. ಮಗಳು ಎದ್ದು ನಿಂತು ವಿಷಯ ಹೇಳಿದಳು. ಇಬ್ಬರು ಮಕ್ಕಳನ್ನು ಕ್ವಾರಿಗೆ ಕಳಿಸುತ್ತಿದ್ದ ನರ್ಸಮ್ಮ ಕೈ ಎತ್ತಿದರು. ಟ್ರ್ಯಾಕ್ಟರಿನವರೂ ಎತ್ತಿದರು. ಸಂಜೆ ಗಿರಣಿ ಮುಂದೆ ಜನ ಜಾಸ್ತಿ, ಆಗೋದಿಲ್ಲ ಎಂದರು ಗಿರಣಿಯವರು. ಅಧ್ಯಕ್ಷರೂ ತಲೆ ಅಲ್ಲಾಡಿಸಿದರು. ಎರಡಕ್ಕೆ ಎರಡು.

ಎಲ್ಲರ ಕಣ್ಣೂ ಅಪ್ಪನ ಮೇಲೆ ನೆಟ್ಟವು. ಅಪ್ಪನ ಗಲ್ಲ ಎದೆಗೆ ತಾಗಿತ್ತು. ನರ್ಸಮ್ಮ ಅವಳತ್ತ ನೋಡಿ, ತಿವಿ ಎಂದು ಕಣ್ಣಲ್ಲೇ ಹೇಳಿದರು. ಅವಳ ಮೊಣಕೈಗೂ ಅಪ್ಪನ ಪಕ್ಕೆಗೂ ನಡುವೆ ಗೇಣು ದೂರವೂ ಇರಲಿಲ್ಲ.

ಅವಳು ತಿವಿಯಲಿಲ್ಲ. ಪ್ರತಿನಿಧಿ ಮತ ಹಾಕುವಂತಿಲ್ಲ ಎಂಬ ಸುತ್ತೋಲೆಯ ಸಾಲು ಅವಳಿಗೆ ನೆನಪಿತ್ತು; ತಿವಿದರೆ ಅದು ಅವಳದೇ ಮತ. ಅಪ್ಪನ ಭುಜ ಹಿಡಿದು ಅಲ್ಲಾಡಿಸಿದಳು. "ಅಪ್ಪಾ, ಏಳಪ್ಪ."

"ಊಟಕ್ಕೆ ಹೊತ್ತಾಯ್ತಾ?"

"ಇಲ್ಲ. ಮತ ಹಾಕ್ಬೇಕು. ಸಭೇನ ಸಂಜೆ ಆರಕ್ಕೆ ಇಡೋಣ ಅಂತ."

ಅಪ್ಪ ಕಣ್ಣುಜ್ಜಿಕೊಂಡು ಸುತ್ತ ನೋಡಿದರು. "ಆರಕ್ಕಾ? ಆರಕ್ಕೆ ನಾನು ಉಂಡು ಮಲಗೋ ಹೊತ್ತಲ್ವೇನೆ?"

"ಹುಡುಗರು ಬರ್ಬೇಕಲ್ಲಪ್ಪ."

"ಬರ್ತೀವಿ ಅಂದ್ರಾ?"

"ಹೊತ್ತು ಬದಲಾಯಿಸಿದ್ರೆ ಬರ್ತಾರೆ."

"ಅದಲ್ಲ, ನೀನು ಕೇಳಿದ್ಯಾ?"

ಅವಳು ಕೇಳಿರಲಿಲ್ಲ. ಅಪ್ಪ ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ತಾವಾಗಿ ಮತ ಹಾಕಿದರು. ವಿರೋಧ.

ದಾರಿಯುದ್ದಕ್ಕೂ ಅವಳು ಅಪ್ಪನಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು. ಮನೆಯ ಬಾಗಿಲಲ್ಲಿ ಅಪ್ಪನೇ, "ಎಬ್ಬಿಸಿ ಕೇಳಿದವಳು ನೀನೇ ತಾನೆ? ಕೇಳಿದ್ಮೇಲೆ ಅನ್ನಿಸಿದ್ದು ಹೇಳ್ಬಾರ್ದಾ?" ಎಂದರು. ಮರುದಿನ ಕೆಲಸಕ್ಕೆ ಹೋದಳು. ಕೆಂಪು ಕುರ್ಚಿ ಮತ್ತೆ ಖಾಲಿಯಾಯಿತು.

ಆದರೆ ಅಪ್ಪನಿಗೆ ಎಚ್ಚರದ ರುಚಿ ಹತ್ತಿಬಿಟ್ಟಿತ್ತು. ಮುಂದಿನ ಮಂಗಳವಾರ ಗುಮಾಸ್ತರು ವರದಿ ಓದುತ್ತಿರುವಾಗ, "ನಿಲ್ಸಿ ನಿಲ್ಸಿ. ಮೇಲಿನ ಕೇರಿಗೆ ನೀರಿನ ಪೈಪು ಹಾಕಿ ಆಯ್ತು ಅಂದ್ರಲ್ಲ, ಎಲ್ಲಿ ಹಾಕಿದೀರಿ? ಆ ಕೇರೀಲಿ ನಾನು ಕಾಗದ ಕೊಡದ ಮನೆ ಒಂದಿಲ್ಲ," ಎಂದರು. ಆಮೇಲೆ ಬೀದಿ ದೀಪ. ಆಮೇಲೆ ಶಾಲೆಯ ಹೆಂಚು. ಹನ್ನೊಂದಕ್ಕೆ ಮುಗಿಯುತ್ತಿದ್ದ ಸಭೆ ಮೂರೂವರೆಗೆ ಮುಗಿಯಿತು. ಅದರ ಮುಂದಿನ ವಾರ ನಾಲ್ಕಕ್ಕೆ. ಗುಮಾಸ್ತರ ಮಣಿಕಟ್ಟು ಊದಿಕೊಂಡಿತು. ಗಿರಣಿಯವರು ಹಳೆಯ ಅಭ್ಯಾಸದಂತೆ ಒಮ್ಮೆ ತಿವಿದದ್ದಕ್ಕೆ, "ಯಾಕಯ್ಯಾ, ಜಾಗ ಸಾಲದಾ?" ಎಂದು ಅಪ್ಪ ಗದರಿದರು.

ಮೂರನೆಯ ವಾರ ಗುಮಾಸ್ತರು ಖಾಲಿ ಲಾರಿ ಹತ್ತಿ ಕ್ವಾರಿಗೇ ಬಂದರು. ತೂಕದ ಕೋಣೆಯ ಕಿಟಕಿಯಲ್ಲಿ ಒಂದು ಟೈಪು ಮಾಡಿದ ಹಾಳೆ ತೂರಿಸಿದರು. ಸಭೆಯನ್ನು ಸಂಜೆ ಆರಕ್ಕೆ ಇಡಬೇಕೆಂದು ಯುವ ಪ್ರತಿನಿಧಿ ಕೋರುವ ಪತ್ರ. ಸಹಿ ಮಾತ್ರ ಬಾಕಿ.

"ನೀನು ಬರೋದೇನೂ ಬೇಡ ತಾಯಿ. ಅಧ್ಯಕ್ಷರೇ ಓದ್ತಾರೆ. ಯುವಜನರ ಕಷ್ಟ ಅವರಿಗೆ ಈಗ ಅರ್ಥ ಆಗಿದೆ."

"ಇದ್ದಕ್ಕಿದ್ದ ಹಾಗೆ ಹೇಗೆ ಅರ್ಥ ಆಯ್ತು?"

ಗುಮಾಸ್ತರು ಸುಳ್ಳು ಬರೆಯುತ್ತಿದ್ದರೇ ಹೊರತು ಹೇಳುತ್ತಿರಲಿಲ್ಲ. "ನಿಮ್ಮಪ್ಪ ಆರಕ್ಕೆ ಮಲಗ್ತಾರಂತಲ್ಲ," ಎಂದರು ನೆಲ ನೋಡುತ್ತ.

ಅವಳು ಪತ್ರವನ್ನು ಮನೆಗೆ ತಂದು ಅಪ್ಪನ ಮುಂದಿಟ್ಟಳು. "ನಿನ್ನನ್ನ ಮಲಗಿಸೋಕೆ ನನ್ನ ಕೈಯಲ್ಲಿ ಬರೆಸ್ತಿದಾರೆ."

ಅಪ್ಪ ಕೆಮ್ಮು ಬರುವ ತನಕ ನಕ್ಕರು. "ಸಹಿ ಹಾಕು. ನಿನಗೆ ಬೇಕಾಗಿದ್ದು ಅದೇ ತಾನೆ? ನಾನಂತೂ ವಿರೋಧಾನೇ. ಮೊದಲೇ ಹೇಳಿದೀನಿ, ಆಮೇಲೆ ಮುಖ ಊದಿಸ್ಕೋಬೇಡ."

ಪತ್ರ ನಾಲ್ಕಕ್ಕೆ ಒಂದರಂತೆ ಪಾಸಾಯಿತು. ಅಪ್ಪ ಸುಮ್ಮನಿರಲಿಲ್ಲ, ಒಂದು ಷರತ್ತು ಸೇರಿಸಿದರು. ಮೊದಲ ಸಂಜೆಯ ಸಭೆಗೆ ಯುವ ಪ್ರತಿನಿಧಿಯನ್ನು ಬಿಟ್ಟು ಹತ್ತು ಜನ ಯುವಕರಾದರೂ ಬರದಿದ್ದರೆ ಸಮಯ ಮತ್ತೆ ಬೆಳಗ್ಗೆ ಹತ್ತಕ್ಕೇ. ಅಷ್ಟರಲ್ಲಿ ಮೂರೂಮುಕ್ಕಾಲಾಗಿತ್ತು, ಅಧ್ಯಕ್ಷರು ಏನು, ಯಾಕೆ ಎಂದು ಕೇಳದೆ ಒಪ್ಪಿಬಿಟ್ಟರು.

ಸಂಜೆ ಅಪ್ಪ ಊಟಕ್ಕೆ ಕೂತು ಎಲ್ಲ ವಿವರ ಒಪ್ಪಿಸಿ, "ಹತ್ತು ಜನ ಸಿಗಲ್ಲ ಬಿಡು," ಎಂದರು, ತುಂಬ ಖುಷಿಯಲ್ಲಿ.

ಮರುದಿನ ವ್ಯಾನು ಹೊರಟಾಗ ಅವಳು ಕೂರಲಿಲ್ಲ. ಮೇಲಿನ ಸರಳು ಹಿಡಿದು ನಿಂತು, ಮಂಗಳವಾರ ಸಂಜೆ ಆರಕ್ಕೆ ಸಮಿತಿ ಕಚೇರಿಗೆ ಯಾರ‍್ಯಾರು ಬರುತ್ತೀರಿ ಎಂದು ಕೇಳಿದಳು. ಅರ್ಧ ವ್ಯಾನು ಕಿಟಕಿಯಾಚೆ ನೋಡಿತು.

"ಅಲ್ಲಿ ಏನ್ ಕೊಡ್ತಾರಕ್ಕಾ?" ಎಂದ ಡ್ರಿಲ್ಲಿಂಗ್ ಹುಡುಗ.

"ಚಹಾ."

"ಅಷ್ಟಕ್ಕೆ ಯಾರ್ ಬರ್ತಾರೆ? ನಿನಗೇನು ಗಂಟು ಹೋಗೋದು?"

"ಹತ್ತು ಜನ ಬರದಿದ್ರೆ ನಾನು ನಮ್ಮಪ್ಪನ ಮುಂದೆ ಸೋಲ್ತೀನಿ."

ವ್ಯಾನಿಗೆ ವ್ಯಾನೇ ನಕ್ಕಿತು. ಊರಿನ ಏಳಿಗೆಗೆ ಏಳದ ಕೈಗಳು ಈಗ ಒಂದೊಂದಾಗಿ ಎದ್ದವು. ಅವಳು ತೂಕದ ಚೀಟಿಯೊಂದರ ಹಿಂದೆ ಹೆಸರು ಬರೆದುಕೊಂಡಳು. ಒಂಬತ್ತಾಯಿತು. ತಿರುವು ಕಳೆದ ಮೇಲೂ ಒಂಬತ್ತೇ.

"ತಂಗೀ," ಎಂದ ಡ್ರೈವರು, ಕನ್ನಡಿಯಲ್ಲಿ ಅವಳನ್ನೇ ನೋಡುತ್ತ, "ನನಗೆ ಮೂವತ್ತೊಂಬತ್ತು. ನಡೆಯುತ್ತಾ?"

ಅವಳು ಅವನ ತಲೆಯ ಹಿಂಬದಿಯ ಬೋಳನ್ನು ಒಂದು ಗಳಿಗೆ ನೋಡಿದಳು.

"ಟೋಪಿ ಹಾಕ್ಕೊಂಡು ಬಾ ಅಣ್ಣಾ," ಎಂದು ಹೆಸರು ಬರೆದುಕೊಂಡಳು.