ಏಳನೇ ನಿಮಿಷದ ಹೆಂಗಸು

ನಮ್ಮ ಡೊಂಬಿವಲಿಯ ಮನೆಯಲ್ಲಿ ಒಬ್ಬಳು ಹೆಂಗಸು ಮೂವತ್ತೊಂಬತ್ತು ವರ್ಷಗಳಿಂದ ಇದ್ದಾಳೆ. ನಾನಲ್ಲ. ನಾನೂ ಅಷ್ಟೇ ವರ್ಷದಿಂದ ಇದ್ದೇನೆ, ಆದರೆ ನನ್ನ ವಿಷಯ ಯಾರೂ ಮಾತಾಡುವುದಿಲ್ಲ. ಅವಳು ಇರುವುದು ಒಂದು ಕ್ಯಾಸೆಟ್ಟಿನ ಎರಡನೇ ಬದಿಯಲ್ಲಿ, ಹನ್ನೆರಡು ನಿಮಿಷದ ಒಂದು ನಿಧಾನ ಹಾಡಿನ ಏಳನೇ ನಿಮಿಷದಲ್ಲಿ. ಗಿಟಾರಿನವನು ಒಂದೇ ಸ್ವರವನ್ನು ಎಳೆದೆಳೆದು ಬಿಟ್ಟು, ಡ್ರಮ್ಮೂ ಸುಮ್ಮನಾದ ಹೊತ್ತಿಗೆ ಅವಳು "ಓ... ಓ..." ಎಂದು ಮೂರು ಸಲ ಕೂಗುತ್ತಾಳೆ. ಆಗ ನಮ್ಮ ಇವರು ಕಣ್ಣು ಮುಚ್ಚಿ ಬಲಗೈಯ ತೋರುಬೆರಳು ಎತ್ತುತ್ತಾರೆ. ಮನೆಗೆ ಬಂದವರೂ ಎತ್ತಬೇಕು. ಎತ್ತದವರಿಗೆ ಹಾಡನ್ನು ಮೊದಲಿನಿಂದ ಇನ್ನೊಮ್ಮೆ ಕೇಳಿಸುತ್ತಾರೆ.

ಹಾಡು ಅಮೆರಿಕದ್ದು. ಮಡ್ ಲ್ಯಾಂಟರ್ನ್ ಅಂತ ಒಂದು ತಂಡ, ಎಪ್ಪತ್ತೆರಡರಲ್ಲಿ ಅಲ್ಲಿನ ಯಾವುದೋ ಥಿಯೇಟರಿನಲ್ಲಿ ಜನರ ಮುಂದೆ ಬಾರಿಸಿದ್ದು. ಬ್ಲೂಸ್ ಮತ್ತು ರಾಕ್ ಎರಡನ್ನೂ ಕಲಸಿದ ಆ ಲೈವ್ ಆಲ್ಬಮ್‌ಗೆ ಸಮಾನವಾದದ್ದು ಭೂಮಿಯ ಮೇಲೆ ಇಲ್ಲ ಎಂಬುದು ಇವರ ತೀರ್ಮಾನ. ಇವರ ಊರು ಉಡುಪಿ, ಕೆಲಸ ಮಾಡಿದ್ದು ಶಹಾಡಿನ ಒಂದು ಕಾರ್ಖಾನೆಯ ಆಫೀಸಿನಲ್ಲಿ, ಅತಿ ದೂರ ಹೋದದ್ದು ಶಿರಡಿಗೆ. ಆದರೂ ಆ ಥಿಯೇಟರಿನ ಕುರ್ಚಿಗಳ ಬಣ್ಣ ಬೇಕಾದರೂ ಹೇಳುತ್ತಾರೆ.

ಇವರಿಗೆ ಇಬ್ಬರು ಶಿಷ್ಯರು. ಒಬ್ಬರು ಮಾಜಿವಾಡಾದ ಲೋಕನಾಥ, ನಮ್ಮ ಕಡೆಯವರೇ, ವಿಮಾ ಆಫೀಸಿನಿಂದ ನಿವೃತ್ತರಾದವರು. ಇನ್ನೊಬ್ಬರು ರೇವಣಸಿದ್ದ, ಕಲಬುರ್ಗಿಯವರು, ಇವರ ಜೊತೆಗೇ ಕಾರ್ಖಾನೆಯಲ್ಲಿ ಇದ್ದವರು. ಇಬ್ಬರ ಬಳಿಯೂ ಇರುವುದು ಇವರ ಕ್ಯಾಸೆಟ್ಟಿನ ನಕಲು. ಭಾನುವಾರ ಬೆಳಿಗ್ಗೆ ಮೂವರೂ ನಮ್ಮ ಹಾಲಿನಲ್ಲಿ ಕೂತು, ನಾನು ಹುಯ್ದ ನೀರುದೋಸೆ ತಿನ್ನುತ್ತ, ಆ ಹೆಂಗಸು ಯಾರಿರಬಹುದು ಎಂದು ಚರ್ಚೆ ಮಾಡುತ್ತಾರೆ.

"ವಿಧವೆ," ಎನ್ನುತ್ತಾರೆ ಲೋಕನಾಥ. "ಗಂಡ ಯುದ್ಧದಲ್ಲಿ ಹೋಗಿರಬೇಕು. ಅಲ್ಲದಿದ್ದರೆ ಅಂಥ ನೋವು ಬರುವುದಿಲ್ಲ ವಸಂತಣ್ಣ."

"ವಿಧವೀನೂ ಅಲ್ಲ, ಎಂಥದ್ದೂ ಅಲ್ಲ. ದಿನಾ ದುಡದು ಸೋತಾಕಿ ರೀ ಆಕಿ," ಎನ್ನುತ್ತಾರೆ ರೇವಣಸಿದ್ದ. "ಕರದ್ರ ಯಾರೂ ತಿರುಗಿ ನೋಡಂಗಿಲ್ಲ. ಆ ದನಿ ಅದು."

ಇವರು ನಗುತ್ತಾರೆ, ಗುರುಗಳ ನಗು. ಅವಳು ಒಬ್ಬ ವ್ಯಕ್ತಿಯೇ ಅಲ್ಲ, ಒಂದು ಜನಾಂಗದ ಒಟ್ಟು ನಿಟ್ಟುಸಿರು ಎನ್ನುತ್ತಾರೆ. ಅಷ್ಟರಲ್ಲಿ ನಾನು ಅಡುಗೆಮನೆಯಿಂದ ಇನ್ನೊಂದು ದೋಸೆ ಬೇಕೇ ಎಂದು ಕೇಳಿದರೆ, "ಮೆಲ್ಲ ಮಾತಾಡು ಮಾರಾಯ್ತಿ, ನಿನ್ನ ಸ್ವರ ಕಿವಿಗೆ ಹೊಡೆಯುತ್ತದೆ," ಎನ್ನುತ್ತಾರೆ.

ನಾನು ಆ ಹಾಡನ್ನು ಸರಿಯಾಗಿ ಕೇಳಿದವಳೇ ಅಲ್ಲ. ಕ್ಯಾಸೆಟ್ಟು ಹಾಕಿದ ಕೂಡಲೇ ಅಡುಗೆಮನೆಗೆ ಹೋಗಿ ಎಕ್ಸಾಸ್ಟ್ ಫ್ಯಾನ್ ಹಾಕಿಕೊಳ್ಳುವುದು ನನ್ನ ಅಭ್ಯಾಸ. ಹಾಡಿನ ಮೇಲೆ ನನಗೇನೂ ದ್ವೇಷವಿಲ್ಲ. ಸವತಿ ಮನೆಗೆ ಬಂದಾಗ ಹಾಲಿನಲ್ಲಿ ಕೂರುವುದು ಬೇಡ ಅಂತ, ಅಷ್ಟೇ.

ಈ ವರ್ಷ ನನಗೆ ಒಂದೇ ಒಂದು ಆಸೆ ಇತ್ತು. ಠಾಣೆಯ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಪ್ರಾರ್ಥನೆ ಹಾಡಬೇಕು. ಮಹಿಳಾ ವಿಭಾಗದ ಪ್ರಿಯಂವದಾ ತಾವಾಗಿಯೇ ಬಂದು, "ರತ್ನಕ್ಕ, ಈ ಸಲ ನೀವೇ," ಎಂದಿದ್ದರು. ಮದುವೆಗೆ ಮೊದಲು ನಾನು ಭಜನೆಯಲ್ಲಿ ಮುಂದೆ ಕೂತು ಹೇಳಿಕೊಡುತ್ತಿದ್ದವಳು. ಹದಿನೈದು ದಿನ ಬಿಸಿನೀರು ಕುಡಿದು, ಉಪ್ಪಿನಕಾಯಿ ಬಿಟ್ಟು, ಬಚ್ಚಲುಮನೆಯಲ್ಲಿ ಅಭ್ಯಾಸ ಮಾಡಿದೆ. ಇವರು ಸಂಘದ ಸಾಂಸ್ಕೃತಿಕ ಸಮಿತಿಯಲ್ಲಿದ್ದಾರೆ. ಪಟ್ಟಿ ಮನೆಗೆ ಬಂದಾಗ ನನ್ನ ಹೆಸರಿನ ಮೇಲೆ ಪೆನ್ನಿನಿಂದ ಗೆರೆ ಎಳೆದರು.

"ನಿನ್ನ ಸ್ವರ ಊಟಕ್ಕೆ ಕರೆಯಲಿಕ್ಕೆ ಸಾಕು. ಸ್ಟೇಜಿಗೆ ಬೇರೆಯೇ ಬೇಕಾಗುತ್ತದೆ," ಎಂದರು. "ನನಗೆ ಸಂಗೀತ ಗೊತ್ತುಂಟು ಅಂತ ಎಲ್ಲರಿಗೂ ಗೊತ್ತುಂಟು. ನಾಳೆ ನನ್ನ ಮರ್ಯಾದೆ ಎಂತ ಆಗಬೇಕು?"

ನಾನು ಮರುದಿನವೇ ಉಪ್ಪಿನಕಾಯಿ ತಿಂದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತು ಎಂದು ಹೇಳಬಹುದು, ಆದರೆ ಅದು ಸುಳ್ಳು. ನನಗೆ ಬಹಳ ನೋವಾಗಿತ್ತು.

ಅದೇ ವಾರ ಇವರಿಗೆ ಅರವತ್ತೈದು ತುಂಬಿತು. ಕೋಪರಖೈರಣೆಯಲ್ಲಿರುವ ಮಗಳು ಮಾನಸಿ ಅಪ್ಪನಿಗೆ ಉಡುಗೊರೆ ತಂದಳು. ಅದೇ ಆಲ್ಬಮ್, ಮೂಲ ಟೇಪಿನಿಂದ ಹೊಸದಾಗಿ ಒತ್ತಿದ ದೊಡ್ಡ ರೆಕಾರ್ಡು, ಜೊತೆಗೆ ಅದನ್ನು ಹಾಕಲಿಕ್ಕೆ ಒಂದು ಪ್ಲೇಯರು. ಶಿಷ್ಯರಿಬ್ಬರನ್ನೂ ಫೋನು ಮಾಡಿ ಕರೆಸಿಕೊಂಡರು. ಹಾಡು ಶುರುವಾಯಿತು, ಏಳನೇ ನಿಮಿಷ ಬಂತು, ಗಿಟಾರು ನಿಂತಿತು, ಮೂರು ಬೆರಳು ಮೇಲೆದ್ದವು. ಹೆಂಗಸು ಬರಲಿಲ್ಲ.

ಮತ್ತೆ ಹಾಕಿದರು. ಮತ್ತೂ ಬರಲಿಲ್ಲ.

"ನಾನು ಮೊಬೈಲಿನಲ್ಲಿ ಕೇಳಿದಾಗಲೂ ಇರಲಿಲ್ಲ," ಎಂದರು ಲೋಕನಾಥ ಅಳುಕುತ್ತ. "ಮೊಬೈಲಿನವರು ಸೋಸಿ ತೆಗೆದಿದ್ದಾರೆ ಅಂತ ನೀವೇ ಹೇಳಿದ್ದಿರಿ."

"ಈಗ ಕಂಪನಿಯವರೇ ತೆಗೆದಿದ್ದಾರೆ," ಎಂದರು ಇವರು. ಮುಖ ಕೆಂಪಾಗಿತ್ತು. ಒಂದು ಬಡ ಹೆಂಗಸಿನ ದನಿಯನ್ನು ಅಳಿಸಿ ಹಾಕಿದ್ದಾರೆ, ಇದನ್ನು ಬಿಡುವುದಿಲ್ಲ, ವಾರ್ಷಿಕೋತ್ಸವದಲ್ಲಿ ಇದೇ ವಿಷಯದ ಮೇಲೆ ಉಪನ್ಯಾಸ ಕೊಡುತ್ತೇನೆ, ಎರಡನ್ನೂ ಜನರಿಗೆ ಕೇಳಿಸುತ್ತೇನೆ ಎಂದರು. ಅಮೆರಿಕಕ್ಕೆ ಪತ್ರ ಬರೆಯಲು ಒಳಗಿನ ಕೋಣೆಗೆ ಹೋದರು. ಶಿಷ್ಯರು ಇಂಗ್ಲಿಷ್ ತಿದ್ದಲು ಹಿಂದೆ ಹೋದರು.

ಮಾನಸಿ ಹಳೆಯ ಕ್ಯಾಸೆಟ್ಟು ಹಾಕಿ ಕಿವಿ ಹತ್ತಿರ ಇಟ್ಟಳು. ಏಳನೇ ನಿಮಿಷ ಕಳೆದ ಮೇಲೆ ಹಿಂದೆ ತಿರುಗಿಸಿ ಇನ್ನೊಮ್ಮೆ ಕೇಳಿದಳು.

"ಮಮ್ಮಿ, ಅಮೆರಿಕಾ ಮೇ ಕುಕ್ಕರ್ ಕೀ ಸೀಟಿ?" ಎಂದಳು.

ಹೌದು, ಮೂರನೇ ಕೂಗಿನ ಹಿಂದೆಯೇ ಒಂದು ಸೀಟಿ ಇತ್ತು. ಅದು ಆಂಪ್ಲಿಫೈಯರಿನ ಫೀಡ್‌ಬ್ಯಾಕ್, ಬೇಕೆಂದೇ ಮಾಡಿದ್ದು ಎಂದು ಇವರು ಭಾನುವಾರಗಳಲ್ಲಿ ವಿವರಿಸುತ್ತಿದ್ದದ್ದು ನನ್ನ ಕಿವಿಗೂ ಬಿದ್ದಿತ್ತು. ನಾನು ಮೊದಲ ಸಲ ಎಕ್ಸಾಸ್ಟ್ ಫ್ಯಾನ್ ಇಲ್ಲದೆ ಕೂತು ಕೇಳಿದೆ. ಕುಕ್ಕರಿನ ಸೀಟಿ ನನಗೆ ಮೊದಲು ಗುರುತು ಸಿಕ್ಕಿತು. ತವರಿನಿಂದ ತಂದ ಕುಕ್ಕರು, ಅದರ ಸೀಟಿ ಕೊನೆಯಲ್ಲಿ ಸ್ವಲ್ಪ ಒಡೆಯುತ್ತಿತ್ತು. ಆಮೇಲೆ ಕೂಗುವವಳು ಸಿಕ್ಕಿದಳು.

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಮಕ್ಕಳಾದ ಮೇಲೆ ಇಂಥವರ ಅಪ್ಪ ಎನ್ನಬಹುದು. ಅದಕ್ಕೆ ಮೊದಲು ಬರೀ "ಓ" ಎನ್ನಬೇಕು, ಅಷ್ಟೇ. ನನ್ನ ಮದುವೆಯಾಗಿ ಮೂರು ತಿಂಗಳಾಗಿತ್ತು, ಆಗ ಮನೆ ಎಂದರೆ ಚಾಳಿನ ಎರಡು ಕೋಣೆ. ಅತ್ತೆ ಕಲ್ಯಾಣ್‌ನಲ್ಲಿದ್ದ ಮಗಳ ಮನೆಗೆ ಹೋಗಿದ್ದರು, ಇವರನ್ನು ಊಟಕ್ಕೆ ಕರೆಯಲಿಕ್ಕೆ ಬೇರೆ ಯಾರೂ ಇರಲಿಲ್ಲ. ಇವರು ಯಾರಿಂದಲೋ ಒಂದು ದಿನದ ಮಟ್ಟಿಗೆ ರೆಕಾರ್ಡನ್ನೂ ಪ್ಲೇಯರನ್ನೂ ಕೇಳಿ ತಂದಿದ್ದರು. ಟೇಪ್ ರೆಕಾರ್ಡರಿಗೆ ಜೋಡಿಸುವ ವಯರು ಇರಲಿಲ್ಲ. ಸ್ಪೀಕರಿನ ಎದುರು ಸ್ಟೂಲಿನ ಮೇಲೆ ಟೇಪ್ ರೆಕಾರ್ಡರ್ ಇಟ್ಟು, ಉಸಿರು ಬಿಗಿಹಿಡಿದು ಕೂತಿದ್ದರು. ನಾನು ಬಂಗುಡೆ ಮೀನಿನ ಸಾರು ಮಾಡಿ, ಅನ್ನದ ಕುಕ್ಕರಿನ ಕೊನೆಯ ಸೀಟಿ ಬಾಕಿ ಇರುವಾಗಲೇ, ಬಾಗಿಲಿನ ಆಚೆಯಿಂದ ಮೂರು ಸಲ ಕರೆದೆ. ಮೂರು ಸಲವೂ ಉತ್ತರ ಬರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಬಂದು, "ಸಾರು ತಣ್ಣಗಾಗಿದೆ," ಎಂದರು. ಅಂದು ನಾನು ಪಾತ್ರೆ ತೊಳೆಯುತ್ತ ಅತ್ತಿದ್ದೆ.

"ಪಪ್ಪಾ ಕೋ ಬೋಲೂಂ?" ಎಂದಳು ಮಾನಸಿ. ಹೇಳುವುದು ಬೇಡ ಎಂದೆ. ನನಗೆ ಸಿಟ್ಟು ಬಂದಿತ್ತು, ನಗುವೂ ಬರುತ್ತಿತ್ತು. ಇಪ್ಪತ್ತೆರಡು ವಯಸ್ಸಿನ ನನ್ನ ಸ್ವರ ಚೆನ್ನಾಗಿಯೇ ಇತ್ತು ಎಂದು ಹೆಮ್ಮೆಯೂ ಆಯಿತು. ಮೂವತ್ತೊಂಬತ್ತು ವರ್ಷ ಅದನ್ನು ದಿನಾ ಪೂಜೆ ಮಾಡಿದ ಮನುಷ್ಯನಿಗೆ, ಅದೇ ಗಂಟಲು ದೋಸೆ ಬೇಕೇ ಎಂದು ಕೇಳಿದರೆ ಗುರುತು ಹತ್ತುವುದಿಲ್ಲ.

ವಾರ್ಷಿಕೋತ್ಸವದ ಸಂಜೆ ಸಂಘದ ಸಭಾಂಗಣ ತುಂಬಿತ್ತು. ಜನ ಬಂದದ್ದು ಉಪನ್ಯಾಸಕ್ಕಿಂತ ಹೆಚ್ಚಾಗಿ ನಂತರದ ಊಟಕ್ಕೆ ಎಂಬುದು ಬೇರೆ ಮಾತು. ಪ್ರಾರ್ಥನೆಯನ್ನು ಬೇರೆ ಯಾರೋ ಹಾಡಿದರು, ಎರಡು ಕಡೆ ಶ್ರುತಿ ತಪ್ಪಿತು, ಇವರು ತಲೆದೂಗಿದರು. ನಾನು ಕೊನೆಯ ಸಾಲಿನಲ್ಲಿ ಮಾನಸಿಯ ಪಕ್ಕ ಕೂತಿದ್ದೆ.

ಇವರು ಜುಬ್ಬಾ ಹಾಕಿಕೊಂಡು ಮೈಕಿನ ಮುಂದೆ ನಿಂತು, ಒಂದು ದನಿಯನ್ನು ಕೇಳಿಸಿಕೊಳ್ಳದ ಲೋಕದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು. ನಡುವೆ ನಿಲ್ಲಿಸಿ ನೀರು ಕುಡಿದರು. ಆಮೇಲೆ ಹೊಸ ರೆಕಾರ್ಡು ಹಾಕಿದರು. ಗಿಟಾರು ಏರಿತು, ಎಳೆಯಿತು, ನಿಂತಿತು. ಸುಳ್ಳು ಹೇಳುವುದಿಲ್ಲ, ಹಾಡು ಚೆನ್ನಾಗಿದೆ. ಗಿಟಾರಿನವನು ಹಾಗೆ ನಿಲ್ಲಿಸಿದಾಗ ಯಾರನ್ನಾದರೂ ಕರೆಯಬೇಕು ಎಂದು ನನಗೂ ಅನಿಸಿತು.

"ಈಗ ಕೇಳಿ," ಎಂದರು ಇವರು. "ಇಲ್ಲಿ ಅವಳು ಇರಬೇಕಿತ್ತು."

ನಾನು ಎದ್ದು ನಿಂತು "ಓ... ಓ..." ಎಂದೆ.

ಮೂರು ಸಲ ಕರೆದೆ. ವಯಸ್ಸಿಗೆ ದನಿ ಸ್ವಲ್ಪ ಒಡೆದಿತ್ತು, ಅದರಿಂದ ಹಾಡಿಗೆ ಇನ್ನೂ ಚಲೋ ಹೊಂದಿತು ಎಂದು ಆಮೇಲೆ ರೇವಣಸಿದ್ದ ಹೇಳಿದರು. ಸ್ಟೇಜಿನ ಮೇಲೆ ಇವರ ಕಣ್ಣು ತಾವಾಗಿಯೇ ಮುಚ್ಚಿಕೊಂಡವು, ಬೆರಳು ತಾನಾಗಿಯೇ ಎದ್ದಿತು. "ಇದೇ," ಎಂದು ಮೈಕಿನಲ್ಲಿ ಉಸುರಿದರು. "ಇದೇ ದನಿ." ಸಭೆಯಲ್ಲಿದ್ದವರೆಲ್ಲ ಆಗಲೇ ಹಿಂದೆ ತಿರುಗಿ ನನ್ನನ್ನು ನೋಡುತ್ತಿದ್ದರು. ನೋಡದೆ ಇದ್ದದ್ದು ಸ್ಟೇಜಿನ ಮೇಲಿನ ಒಂದೇ ಮುಖ.

ಇಷ್ಟಾದರೂ ಕಣ್ಣು ತೆರೆಯಲಿಲ್ಲವಲ್ಲ, ಆಗ ನನ್ನ ತಾಳ್ಮೆ ಮುಗಿಯಿತು. ಹುಟ್ಟಿದಂದಿನಿಂದ ಕಲಿತದ್ದನ್ನು ಆ ಸಾಲಿನಲ್ಲೇ ಬಿಟ್ಟೆ.

"ವಸಂತಕುಮಾರ," ಎಂದು ಕರೆದೆ, ಅಡುಗೆಮನೆಯಿಂದ ಕರೆಯುವ ಅದೇ ಸ್ವರದಲ್ಲಿ. "ಊಟಕ್ಕೆ ಕರೆದದ್ದು. ಎಂಬತ್ತೈದನೇ ಇಸವಿಯಲ್ಲಿ. ಬಂಗುಡೆ ಸಾರು ಆರುತ್ತಿತ್ತು."

ಇವರು ಕಣ್ಣು ತೆರೆದರು. ನನ್ನನ್ನು ನೋಡಿದರು, ಪ್ಲೇಯರನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಎತ್ತಿದ ಬೆರಳು ಅಲ್ಲೇ ಇತ್ತು. ಹೆಸರು ಹಿಡಿದು ಕರೆದರೆ ಯಾರಾದರೂ ಹೇಳುವ ಹಾಗೆ, ಅವರ ಬಾಯಿಂದಲೂ ಮೈಕಿನಲ್ಲಿ ಒಂದು ಸಣ್ಣ "ಓ" ಬಂತು.

ಅದರಲ್ಲಿ ಶ್ರುತಿ ಇರಲಿಲ್ಲ. ಯಾರೂ ಬೆರಳೆತ್ತಲಿಲ್ಲ.