ಒಂದೇ ತಟ್ಟೆಯ ಎಪ್ಪತ್ತು ದಿನ

"ಅಲ್ಲೇ ಮಡಗ್ಲಾ ಬೋಳಿಮಗ್ನೆ! ಕೈಗೆ ಕೊಡಕ್ಕೆ ಬತ್ತೀಯಾ? ದೂರ ನಿಂತ್ಕ!"

ಸೈನ್ಯದ ಛಾವಣಿಯ ಹವಾಲ್ದಾರ ಬೈದದ್ದು ನನ್ನ ಗಂಡ ಫರಜನನ್ನು. ಯುದ್ಧಕ್ಕೆಂದು ಕೊಟ್ಟಿದ್ದ ಬಂದೂಕನ್ನು ಫರಜ್ ನೆಲದ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದ. ಹವಾಲ್ದಾರ ಅದರ ಹಿಡಿಯನ್ನು ಚಿಂದಿಯಿಂದ ಉಜ್ಜಿ ಎತ್ತಿಕೊಂಡ. ಆಮೇಲೆ ಒಂದು ಪೊರಕೆಯನ್ನು ಕಾಲಿನಿಂದ ನಮ್ಮತ್ತ ತಳ್ಳಿದ.

"ಯುದ್ಧ ಮುಗೀತು, ರಾಜಿ ಆಯ್ತು. ನಾಳೆ ಮುತಹ್ಹರ್ ಶೇಖರು ಬತ್ತಾವ್ರೆ. ದಾರೀಲಿ ಒಂದು ಕಡ್ಡಿ ಕಾಣಬಾರ್ದು."

"ಮುತಹ್ಹರಾ?" ಎಂದು ಫರಜ್ ನನ್ನ ಮುಖ ನೋಡಿದ.

ಎರಡು ವರ್ಷದ ಹಿಂದೆ, ಗದ್ದುಗೆ ಕಳಕೊಂಡ ದೊರೆ ಇಮಾಮನ ಕಡೆ ನಿಂತು ಎಪ್ಪತ್ತು ದಿನ ನಮ್ಮ ಸನಾ ಊರಿನ ಮೇಲೆ ಬೆಂಕಿ ಸುರಿಸಿದವನು ಈ ಮುತಹ್ಹರ್. ಅವನ ಫಿರಂಗಿಗೆ ನಮ್ಮ ಕೇರಿಯ ಹನ್ನೊಂದು ಗುಡಿಸಲು ಸುಟ್ಟವು. ಒಂದರಲ್ಲಿ ನನ್ನ ಅವ್ವ ಇದ್ದಳು.

ನಾವು ಖಾದಿಮರು. ಊರು ಗುಡಿಸುತ್ತೇವೆ, ಕಕ್ಕಸು ಬಳಿಯುತ್ತೇವೆ. ನಾವು ಮುಟ್ಟಿದ ಪಾತ್ರೆಯನ್ನು ಯಾರೂ ಒಳಗೆ ಒಯ್ಯುವುದಿಲ್ಲ. ಊರಿಗೆ ಮುತ್ತಿಗೆ ಬಿದ್ದಾಗ ಮಾತ್ರ ಕ್ಯಾಪ್ಟನ್ ಹಮೂದ್ ಕೇರಿಯ ತನಕ ನಡೆದು ಬಂದಿದ್ದ. "ಗಣರಾಜ್ಯದಲ್ಲಿ ಮೇಲು ಕೀಳು ಇಲ್ಲ ಕಣ್ರಪ್ಪ. ಎಲ್ಲ ಅಣ್ತಮ್ಮಂದಿರೇ, ಬನ್ನಿ" ಅಂದಿದ್ದ. ಫರಜ್ ಹೋದ. ಊರಂಚಿನ ನುಕುಮ್ ಗುಡ್ಡದ ಮೇಲೆ ಇವನೂ ಹಮೂದನೂ ಒಂದೇ ತಟ್ಟೆಯಲ್ಲಿ ಜೋಳದ ಮುದ್ದೆ ಮುರಿದು ಉಂಡರು. ಗುಂಡು ತಗುಲಿದ ಹಮೂದನನ್ನು ಇವನೇ ಬೆನ್ನ ಮೇಲೆ ಹೊತ್ತು ಇಳಿಸಿದ. ಆ ದಿನ ಇವನ ಸೊಂಟಕ್ಕೆ ಹೊಕ್ಕ ಕಬ್ಬಿಣದ ಚೂರು ಇನ್ನೂ ಒಳಗೇ ಇತ್ತು. ಹವಾಲ್ದಾರ ಪೊರಕೆ ತಳ್ಳಿದ ಆ ಸಂಜೆ ಕುಂಟುತ್ತಲೇ ದಾರಿ ಗುಡಿಸಿದ.

ಮರುದಿನ ಮಧ್ಯಾಹ್ನ ಶೇಖ್ ಬಂದ. ಈಗ ಕರ್ನಲ್ ಆಗಿದ್ದ ಹಮೂದ್ ಅವನನ್ನು ತಬ್ಬಿ ಎರಡೂ ಕೆನ್ನೆಗೆ ಮುತ್ತಿಟ್ಟ. ಛಾವಣಿಯ ಅಂಗಳದಲ್ಲಿ ಕುರಿಮಾಂಸದ ಊಟ. ಉಳಿದದ್ದು ಬಂದೀತೆಂದು ಗುಡಿಸುವವರೆಲ್ಲ ಗೋಡೆಯಾಚೆ ಕುಕ್ಕರಗಾಲಲ್ಲಿ ಕೂತಿದ್ದೆವು.

ಫರಜ್ ಎದ್ದ. ನಾನು ಅವನ ಅಂಗಿ ಹಿಡಿದೆ.

"ಎಲ್ಲಿಗೆ? ಸುಮ್ಕೆ ಕೂತ್ಕಳಯ್ಯ!"

"ಹಸಿವಾಯ್ತದೆ ಕಣೆ" ಎಂದ. ಹೋಗಿಯೇಬಿಟ್ಟ.

ನೇರ ಹೋಗಿ ಹಮೂದನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತ. ಅವರ ನಡುವಿನ ದೊಡ್ಡ ತಟ್ಟೆಗೆ ಕೈಯಿಟ್ಟು ಒಂದು ತುಂಡು ಮಾಂಸ ಮುರಿದ.

"ಉಣ್ಣು ಅಣ್ಣ. ಯಾಕೆ ನಿಲ್ಲಿಸ್ದೆ? ಗುಡ್ಡದ್ ಮ್ಯಾಲೆ ಉಂಡಂಗೆ ಉಣ್ಣು."

ಶೇಖ್ ಕೈ ಒದರಿ ಎದ್ದ. ಸಿಟ್ಟಾಗಲಿಲ್ಲ, ನಕ್ಕ.

"ಹಮೂದಪ್ಪ, ಇವನ್ ಎಂಜಲು ತಿಂದ್ಕಂಡೇನಯ್ಯ ನೀವು ನಮ್ಮನ್ನ ಗೆದ್ದದ್ದು?"

ಹಮೂದನ ಮುಖ ಕಪ್ಪಿಟ್ಟಿತು. ಅವನು ಫರಜನನ್ನು ನೋಡಲಿಲ್ಲ, ತಟ್ಟೆಯನ್ನೇ ನೋಡುತ್ತಿದ್ದ.

"ಇವನ್ಯಾರೋ ನಂಗೊತ್ತಿಲ್ಲ. ಎಳ್ಕಂಡ್ ಹೋಗ್ರೋ."

ಶೇಖನ ಆಳುಗಳು, ಕರ್ನಲ್ಲನ ಸೈನಿಕರು ಎರಡೂ ಕಡೆಯವರು ಬಂದರು. ಎಂಟು ವರ್ಷದ ಯುದ್ಧದಲ್ಲಿ ಒಬ್ಬರ ಎದೆಗೊಬ್ಬರು ಗುರಿಯಿಟ್ಟವರು, ಈಗ ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಟ್ಟು ಒದ್ದರು. ಫರಜನ ಸೊಂಟದ ಯಾವ ಬದಿಯಲ್ಲಿ ಚೂರಿದೆಯೆಂದು ಕರ್ನಲ್ಲನ ಕಡೆಯವರಿಗೆ ಗೊತ್ತಿತ್ತು. ಫರಜ್ ಬಾಯಲ್ಲಿದ್ದ ಮಾಂಸವನ್ನು ಅಗಿಯುತ್ತಲೇ ಇದ್ದ.

ತಟ್ಟೆಯಲ್ಲಿದ್ದುದನ್ನೆಲ್ಲ ನಾಯಿಗಳಿಗೆ ಸುರಿದರು. ಗೋಡೆಯಾಚೆ ಕೂತವರಿಗೆ ಅಂದು ಏನೂ ಬರಲಿಲ್ಲ. "ನಿನ್ ಗಂಡನ್ ಸೊಕ್ಕಿಗೆ ನಮ್ ಮಕ್ಕಳು ಉಪಾಸ ಕಣೇ ಮುಂಡೆ" ಎಂದು ನಮ್ಮ ಕೇರಿಯ ತಖಿಯ್ಯಾ ನನಗೆ ಉಗಿದಳು.

ಫರಜನನ್ನು ಜೈಲಿಗೆ ಹಾಕಿದರು. ಐದು ದಿನ ಅದರ ಬಾಗಿಲಿಗೆ ಅಲೆದೆ. ಆರನೆಯ ದಿನ ಕಾವಲಿನವನು ಬಾಯಿಬಿಟ್ಟ.

"ಯಾವ ಕುಲದೋನು?"

"ಖಾದಿಮ, ಸಾಮಿ."

"ನಿಮ್ಮೋರ ಹೆಸರು ನಾವು ಬರ್ಕಳಲ್ಲ ಕಣಮ್ಮ. ಒಳಗಡೆ ಗುಡ್ಸಕ್ಕೆ ಕುಂಟ ಒಬ್ಬ ಇದ್ದ. ಮೊನ್ನೆಯಿಂದ ಕಾಣ್ತಿಲ್ಲ."

"ಕಾಣ್ತಿಲ್ಲ ಅಂದ್ರೆ?"

"ಕಾಣ್ತಿಲ್ಲ ಅಂದ್ರೆ ಕಾಣ್ತಿಲ್ಲ. ನಡಿ."

ನಾನು ನಡೆಯಲಿಲ್ಲ. ಬಾಗಿಲಿನೆದುರು ರಸ್ತೆಯ ನಡುಮಧ್ಯೆ ಕೂತೆ. ಕಾವಲಿನವನು ಕಲ್ಲು ಬೀಸಿದ, ಭುಜಕ್ಕೆ ಬಿತ್ತು. ಕೇರಿಯ ಹೆಂಗಸರು ಬುಟ್ಟಿ ಹೊತ್ತು ಆ ದಾರಿಯಲ್ಲೇ ಬಂದರು. ನನ್ನನ್ನು ಕಂಡು ಒಂದು ಗಳಿಗೆ ನಿಂತು, ತಲೆ ತಗ್ಗಿಸಿ ಸರಿದುಹೋದರು. ಒಬ್ಬಳೂ ಕೂರಲಿಲ್ಲ.

ಛಾವಣಿಯ ಕಡೆಯಿಂದ ಜೀಪೊಂದು ಧೂಳೆಬ್ಬಿಸಿಕೊಂಡು ಬರುತ್ತಿದೆ. ಹಾರ್ನ್ ಹೊಡೆಯುತ್ತಿದ್ದಾರೆ. ವೇಗ ಕಡಿಮೆಯಾಗಿಲ್ಲ. ನಾನು ಎದ್ದಿಲ್ಲ.